ಪರ್ಯಾಯವನ್ನೇ ದ್ರವ್ಯವೆಂದು ಬಗೆಯುವ ಭ್ರಮೆ

(ವ್ಯಕ್ತಿತ್ವದೋಷವೆಂಬ ವ್ಯಾಧಿಯನ್ನು ಕುರಿತು ಶ್ರಾವಕರಿಗೂ ದೇವಾಲಯದ ಟ್ರಸ್ಟುಗಳಿಗೂ ಒಂದು ನಿವೇದನೆ)

ಜ್ವರ ಬಂದವನಿಗೆ ಯಾರೂ ‘ನೀನೇ ಜ್ವರ’ ಎನ್ನುವುದಿಲ್ಲ. ಮಧುಮೇಹದಿಂದ ಬಳಲುವ ತಾಯಿಯನ್ನು ಕಂಡು ‘ಈಕೆಯ ಹುಟ್ಟುಗುಣವೇ ಹೀಗೆ’ ಎಂದು ಯಾವ ಮಗನೂ ಮುಖ ತಿರುಗಿಸುವುದಿಲ್ಲ. ಆದರೆ ಮನೋವ್ಯಾಧಿಗಳಲ್ಲಿ ಒಂದು ವರ್ಗಕ್ಕೆ ಮಾತ್ರ ನಮ್ಮ ಸಮಾಜ ಈ ಔದಾರ್ಯವನ್ನು ತೋರಿಸಿಲ್ಲ. ಇಂಗ್ಲಿಷಿನಲ್ಲಿ ಪರ್ಸನಾಲಿಟಿ ಡಿಸಾರ್ಡರ್ ಎಂದೂ ಕನ್ನಡದಲ್ಲಿ ವ್ಯಕ್ತಿತ್ವದೋಷ ಎಂದೂ ಕರೆಯಲಾಗುವ ಸ್ಥಿತಿಗಳೇ ಆ ವರ್ಗ. ಇಲ್ಲಿ ಹೆಸರೇ ತೀರ್ಪಿನಂತೆ ಕೇಳಿಸುತ್ತದೆ. ದೋಷವಿರುವುದು ಯಕೃತ್ತಿನಲ್ಲೋ ಹೃದಯದಲ್ಲೋ ಅಲ್ಲ, ಆ ವ್ಯಕ್ತಿಯಲ್ಲೇ ಎಂಬ ಭಾವನೆ ಹುಟ್ಟುತ್ತದೆ. ಈ ಭಾವನೆ ಜಿನಸಿದ್ಧಾಂತಕ್ಕೆ ವಿರುದ್ಧವಾದುದು. ನಮ್ಮ ಮನೆಗಳ ಎಳೆಯ ಜೀವಗಳಿಗೆ ಅಪಾಯಕರವಾದುದು. ಇದನ್ನು ಪ್ರತಿಪಾದಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಶಿವಾಜಿನಗರದ ಅಂಗಡಿಬೀದಿಗಳ ಮೇಲಂತಸ್ತಿನ ಮನೆಗಳಲ್ಲಿ, ಹಲಸೂರಿನ ಹಳೆಯ ಕೂಡುಕುಟುಂಬಗಳಲ್ಲಿ, ಇಂದಿರಾನಗರದ ಅಪಾರ್ಟ್‌ಮೆಂಟುಗಳಲ್ಲಿ, ದೂರವಾಣಿನಗರದ ಕಾರ್ಖಾನೆಯ ನೌಕರಿಗಾಗಿ ಬಂದು ಕೃಷ್ಣರಾಜಪುರದ ಸುತ್ತ ನೆಲೆಸಿದ ಸಂಸಾರಗಳಲ್ಲಿ ಈ ವ್ಯಾಧಿ ಇಲ್ಲವೆಂದು ಯಾರೂ ಎದೆಮುಟ್ಟಿ ಹೇಳಲಾರರು. ಅದಕ್ಕೆ ನಾವು ಕೊಡುವ ಹೆಸರುಗಳು ಮಾತ್ರ ಬೇರೆ. ಮಗಳಾದರೆ ‘ಹಟಮಾರಿ, ನಾಟಕ ಆಡುತ್ತಾಳೆ’; ಮಗನಾದರೆ ‘ಮುಂಗೋಪಿ, ಮದುವೆಯಾದರೆ ಸರಿಹೋಗುತ್ತಾನೆ’; ಸೊಸೆಯಾದರೆ ‘ಸಂಸ್ಕಾರ ಸಾಲದು’. ಮೂರೂ ತೀರ್ಪುಗಳೇ, ಮೂರರಲ್ಲಿಯೂ ವಿಚಾರಣೆ ನಡೆದಿಲ್ಲ.

ವ್ಯಾಧಿಯ ಸ್ವರೂಪ

ಮೊದಲು ಒಂದು ಗೊಂದಲವನ್ನು ನಿವಾರಿಸಬೇಕು. ಸಿನಿಮಾಗಳಲ್ಲಿ ತೋರಿಸುವಂತೆ ಒಬ್ಬರೊಳಗೆ ಇಬ್ಬರು ಮಾತನಾಡುವ ಸ್ಥಿತಿ ಇದಲ್ಲ. ಅದು ಬೇರೆಯೇ ವ್ಯಾಧಿ. ಅಲ್ಲಿಯೂ ಎರಡು ಜೀವಗಳಿವೆಯೆಂದು ಜೈನನು ಹೇಳಲಾರ. ಮನುಷ್ಯನು ಪ್ರತ್ಯೇಕಶರೀರಿ, ಒಂದು ದೇಹಕ್ಕೆ ಒಂದೇ ಜೀವವೆಂಬುದು ಆಗಮದ ನಿರ್ಣಯ.

ವ್ಯಕ್ತಿತ್ವದೋಷಗಳಲ್ಲಿ ‘ಬಾರ್ಡರ್‌ಲೈನ್’ ಎಂಬುದು ಹೆಚ್ಚು ಚರ್ಚಿತವಾದುದು. ಅಮೆರಿಕದ ಮನೋವೈದ್ಯರ ಸಂಘದ ರೋಗವರ್ಗೀಕರಣದ ಮೂರನೆಯ ಆವೃತ್ತಿಯಲ್ಲಿ, 1980ರಲ್ಲಿ, ಈ ಹೆಸರು ಅಧಿಕೃತವಾಗಿ ಸೇರಿತು. ಇದರಿಂದ ಬಳಲುವವರಿಗೆ ತಾನು ಯಾರೆಂಬ ಅರಿವೇ ನಿಲ್ಲದು. ನಿನ್ನೆಯ ಆಸೆ, ನಿನ್ನೆಯ ಗುರಿ, ನಿನ್ನೆಯ ಸ್ನೇಹ ಇಂದು ತನ್ನದೆನಿಸುವುದಿಲ್ಲ. ಒಳಗೆ ಒಂದು ಶೂನ್ಯಭಾವ. ಆಪ್ತರು ಕೈಬಿಟ್ಟಾರೆಂಬ ತೀವ್ರಭಯ. ಬೆಳಿಗ್ಗೆ ದೇವರಂತೆ ಕಂಡವರು ಸಂಜೆಗೆ ವೈರಿಯಂತೆ ಕಾಣುವುದು. ಅಣೆಕಟ್ಟು ಒಡೆದಂತೆ ಸಿಟ್ಟು. ಕೆಲವರಲ್ಲಿ ತಮ್ಮ ದೇಹವನ್ನೇ ತಾವು ಗಾಯಗೊಳಿಸಿಕೊಳ್ಳುವುದು, ಪ್ರಾಣತ್ಯಾಗದ ಯತ್ನ.

ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 11ನೆಯ ಆವೃತ್ತಿ 2022ರ ಜನವರಿ 1ರಿಂದ ಜಾರಿಗೆ ಬಂದಿತು. ಅದು ಹಳೆಯ ಕವಲುಹೆಸರುಗಳಲ್ಲಿ ಹೆಚ್ಚಿನವನ್ನು ಕೈಬಿಟ್ಟು ಮುಖ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತದೆ: ಈ ವ್ಯಕ್ತಿಗೆ ತಾನು ಯಾರೆಂಬ ಅರಿವು ಎಷ್ಟು ಸ್ಥಿರವಾಗಿದೆ? ಇತರರೊಡನೆ ಕೂಡಿಬಾಳುವ ಶಕ್ತಿ ಎಷ್ಟಿದೆ? ಉತ್ತರಕ್ಕೆ ತಕ್ಕಂತೆ ಸೌಮ್ಯ, ಮಧ್ಯಮ, ತೀವ್ರ ಎಂದು ತರತಮವನ್ನು ಗುರುತಿಸುತ್ತದೆ. ಅಂದರೆ ಮನುಷ್ಯರನ್ನು ‘ದೋಷವುಳ್ಳವರು’, ‘ದೋಷವಿಲ್ಲದವರು’ ಎಂದು ಎರಡು ಗೋಡೌನುಗಳಲ್ಲಿ ತುಂಬುವ ಪದ್ಧತಿಯಿಂದ ವೈದ್ಯಶಾಸ್ತ್ರವೇ ಹಿಂದೆ ಸರಿಯುತ್ತಿದೆ.

ಕರ್ಮಸಿದ್ಧಾಂತವನ್ನು ಬಲ್ಲವರಿಗೆ ಈ ತರತಮದ ವಿಚಾರ ಅಪರಿಚಿತವಲ್ಲ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳನ್ನು ನಮ್ಮ ಆಚಾರ್ಯರು ಅನಂತಾನುಬಂಧಿ, ಅಪ್ರತ್ಯಾಖ್ಯಾನಾವರಣ, ಪ್ರತ್ಯಾಖ್ಯಾನಾವರಣ, ಸಂಜ್ವಲನ ಎಂದು ತೀವ್ರತೆಗೆ ತಕ್ಕಂತೆ ನಾಲ್ಕಾಗಿ ವಿಂಗಡಿಸಿದರು. ಕ್ರೋಧವು ಒಬ್ಬನಲ್ಲಿ ಕಲ್ಲಿನ ಮೇಲಿನ ಗೆರೆ, ಒಬ್ಬನಲ್ಲಿ ನೆಲದ ಮೇಲಿನ ಬಿರುಕು, ಒಬ್ಬನಲ್ಲಿ ಮರಳಿನ ಮೇಲಿನ ಗೆರೆ, ಒಬ್ಬನಲ್ಲಿ ನೀರಿನ ಮೇಲಿನ ಗೆರೆ. ಹದಿನಾರು ಕಷಾಯಗಳು, ಒಂಬತ್ತು ನೋಕಷಾಯಗಳು ಸೇರಿ ಚಾರಿತ್ರಮೋಹನೀಯದ ಭೇದಗಳು 25. ಇವು ಆಸ್ಪತ್ರೆಯ ರೋಗಪಟ್ಟಿಗೆ ಸಮಾನವೆಂದು ಹೇಳುವುದು ಲೇಖಕನ ಅಭಿಪ್ರಾಯವಲ್ಲ. ಎರಡರ ಪ್ರಯೋಜನವೇ ಬೇರೆ. ಆದರೆ ಒಂದು ಮಾತು ಗಮನಾರ್ಹ. ಈ ಪಟ್ಟಿಯಲ್ಲಿ ನಾವೆಲ್ಲರೂ ಇದ್ದೇವೆ. ಕಷಾಯರಹಿತನಾದ ಗೃಹಸ್ಥನನ್ನು ಯಾವ ಶಾಸ್ತ್ರವೂ ಕಂಡಿಲ್ಲ. ಹೀಗಿರುವಾಗ ಒಬ್ಬರನ್ನು ಮಾತ್ರ ಬೇರ್ಪಡಿಸಿ ‘ಇವರ ವ್ಯಕ್ತಿತ್ವವೇ ದೋಷ’ ಎನ್ನುವ ಅಧಿಕಾರ ನಮಗೆ ಎಲ್ಲಿಂದ ಬಂದಿತು?

‘ಅದು ಅವರ ಸ್ವಭಾವ’ ಎಂಬ ಪೂರ್ವಪಕ್ಷ

ಮೊದಲನೆಯ ಪೂರ್ವಪಕ್ಷ ಮನೆಯವರದು: ‘ಅದು ಅವಳ ಸ್ವಭಾವ, ಸ್ವಭಾವಕ್ಕೆ ಔಷಧವಿಲ್ಲ.’ ಜೈನನ ಬಾಯಲ್ಲಿ ಈ ಮಾತು ಬರಬಾರದು. ಜೀವದ ಸ್ವಭಾವ ಉಪಯೋಗ, ಅಂದರೆ ಜ್ಞಾನ ಮತ್ತು ದರ್ಶನ. ಕ್ರೋಧ ಸ್ವಭಾವವಲ್ಲ, ವಿಭಾವ. ಭಯ ಸ್ವಭಾವವಲ್ಲ, ನೋಕಷಾಯದ ಉದಯ. ವಿಭಾವವನ್ನು ಸ್ವಭಾವವೆಂದು ಕರೆದವನು ನಿತ್ಯದ ಸ್ವಾಧ್ಯಾಯದಲ್ಲಿ ಓದಿದ್ದನ್ನು ಮನೆಯ ಹೊಸ್ತಿಲಲ್ಲೇ ಬಿಟ್ಟು ಬಂದವನು.

‘ನಾನು’ ಎಂದರೇನೆಂಬ ಪ್ರಶ್ನೆಯಲ್ಲಿ ಲೋಕದ ದಾರ್ಶನಿಕರು ಎರಡು ತುದಿಗಳಿಗೆ ಎಳೆದಿದ್ದಾರೆ. ಇಂಗ್ಲೆಂಡಿನ ಜಾನ್ ಲಾಕ್ 1694ರಲ್ಲಿ ತನ್ನ ಗ್ರಂಥದ ಎರಡನೆಯ ಆವೃತ್ತಿಗೆ ಸೇರಿಸಿದ ಅಧ್ಯಾಯದಲ್ಲಿ ವ್ಯಕ್ತಿಯ ಏಕತೆಯನ್ನು ಪ್ರಜ್ಞೆಯ ಸಾತತ್ಯದಲ್ಲಿ ಕಂಡನು. ಡೇವಿಡ್ ಹ್ಯೂಮ್ 1739ರಲ್ಲಿ ಇನ್ನೂ ಮುಂದೆ ಹೋಗಿ, ಒಳಗೆ ನೋಡಿದರೆ ಅನುಭವಗಳ ಕಟ್ಟೊಂದು ಸಿಗುವುದೇ ಹೊರತು ‘ನಾನು’ ಎಂಬುದು ಸಿಗದೆಂದನು. ನಮ್ಮ ನಾಡಿನಲ್ಲಿ ಬೌದ್ಧರ ಕ್ಷಣಿಕವಾದ ಇದಕ್ಕೆ ಹತ್ತಿರದ್ದು. ಇನ್ನೊಂದು ತುದಿಯಲ್ಲಿ ಸಾಂಖ್ಯರೂ ವೇದಾಂತಿಗಳೂ ಎಂದೂ ಬದಲಾಗದ ಕೂಟಸ್ಥನಿತ್ಯ ಆತ್ಮವನ್ನು ಹೇಳಿದರು.

ಈ ಎರಡು ಪಕ್ಷಗಳನ್ನು ರೋಗಿಯ ಹಾಸಿಗೆಯ ಪಕ್ಕ ಇಟ್ಟು ನೋಡಬೇಕು. ಕ್ಷಣಕ್ಷಣಕ್ಕೂ ಬೇರೆಯವನೇ ಹುಟ್ಟುತ್ತಾನೆಂದರೆ ಗುಣವಾದವನು ಯಾರು? ನಿನ್ನೆ ಅತ್ತವಳು ಇಂದು ನಕ್ಕವಳಲ್ಲವಾದರೆ ಚಿಕಿತ್ಸೆಯ ಫಲ ಯಾರಿಗೆ? ಆತ್ಮ ಎಳ್ಳಷ್ಟೂ ಬದಲಾಗದೆಂದರೆ ಚಿಕಿತ್ಸೆ ಯಾರನ್ನೂ ಮುಟ್ಟುವುದೇ ಇಲ್ಲ. ಗುಣವಾಗುವುದು ಸಾಧ್ಯವಾಗಬೇಕಾದರೆ ಬದಲಾವಣೆ ನಿಜವಾಗಿರಬೇಕು. ಬದಲಾಗುವವನೂ ನಿಜವಾಗಿ ಉಳಿದಿರಬೇಕು. ಉತ್ಪಾದ, ವ್ಯಯ, ಧ್ರೌವ್ಯಗಳು ಕೂಡಿದ್ದೇ ಸತ್ತು ಎಂದು ತತ್ತ್ವಾರ್ಥಸೂತ್ರ ಸಾರಿದ್ದು ಇದನ್ನೇ. ಪರ್ಯಾಯಗಳು ಹುಟ್ಟಿ ಅಳಿಯುತ್ತವೆ. ದ್ರವ್ಯ ಅವುಗಳಲ್ಲಿ ಹಾದುಬರುತ್ತದೆ. ಚಿನ್ನದ ವ್ಯಾಪಾರವನ್ನು ಬಲ್ಲ ನಮ್ಮವರಿಗೆ ಇದನ್ನು ವಿವರಿಸಬೇಕಿಲ್ಲ. ಡೊಂಕಾದ ಬಳೆಯನ್ನು ಕಂಡು ಚಿನ್ನವೇ ಖೋಟಾ ಎನ್ನುವವನು ಅಕ್ಕಸಾಲಿಗನಲ್ಲ.

ಪುರಾಣವೂ ಇದಕ್ಕೆ ಸಾಕ್ಷಿ. ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಮರುಭೂತಿಯ ಅಣ್ಣನಾದ ಕಮಠನ ದ್ವೇಷ ಜನ್ಮಜನ್ಮಾಂತರಗಳನ್ನು ಹಿಂಬಾಲಿಸಿ ಬರುತ್ತದೆ. ಕೊನೆಗೆ ಅವನೇ ಶಂಬರನಾಗಿ ಪಾರ್ಶ್ವಪ್ರಭುವಿನ ಮೇಲೆ ಉಪಸರ್ಗ ಮಾಡುತ್ತಾನೆ. ಇಷ್ಟು ಗಟ್ಟಿಯಾದ ವೈರಕ್ಕಿಂತ ದೊಡ್ಡ ‘ವ್ಯಕ್ತಿತ್ವದೋಷ’ ಯಾವುದಿದೆ? ಆದರೂ ಕಥೆ ಶಂಬರನ ಶಿಕ್ಷೆಯಲ್ಲಿ ಮುಗಿಯುವುದಿಲ್ಲ. ಅವನು ಶಾಂತನಾಗಿ ಸಮ್ಯಕ್ತ್ವವನ್ನು ಪಡೆಯುವುದರಲ್ಲಿ ಮುಗಿಯುತ್ತದೆ.

ಇಂದಿನ ವೈದ್ಯರ ಅನುಭವವೂ ಭಿನ್ನವಲ್ಲ. ಅಮೆರಿಕದ ಮೆಕ್‌ಲೀನ್ ಆಸ್ಪತ್ರೆಯಲ್ಲಿ ಮೇರಿ ಝನಾರಿನಿ ಮತ್ತು ಸಹೋದ್ಯೋಗಿಗಳು ಬಾರ್ಡರ್‌ಲೈನ್ ರೋಗಿಗಳನ್ನು ಹತ್ತು ವರ್ಷ ಅನುಸರಿಸಿ 2010ರಲ್ಲಿ ಪ್ರಕಟಿಸಿದ ವರದಿಯಂತೆ, ಶೇಕಡ 93 ಮಂದಿಯಲ್ಲಿ ರೋಗಲಕ್ಷಣಗಳು ಕನಿಷ್ಠ ಎರಡು ವರ್ಷ ಕಾಲ ಶಮನವಾಗಿದ್ದವು. ಶೇಕಡ 50 ಮಂದಿ ದುಡಿಮೆ ಮತ್ತು ಸಂಬಂಧಗಳಲ್ಲಿಯೂ ಚೇತರಿಸಿಕೊಂಡಿದ್ದರು. ‘ಸ್ವಭಾವಕ್ಕೆ ಔಷಧವಿಲ್ಲ’ ಎಂಬ ಗಾದೆಮಾತು ಈ ಅಂಕಿಗಳ ಮುಂದೆ ನಿಲ್ಲದು.

‘ಅದು ಕರ್ಮ, ಉಪವಾಸ ಮಾಡಿಸಿ’ ಎಂಬ ಪೂರ್ವಪಕ್ಷ

ಎರಡನೆಯ ಪೂರ್ವಪಕ್ಷ ಧರ್ಮದ ವೇಷ ಧರಿಸಿ ಬರುತ್ತದೆ: ‘ಪೂರ್ವಕರ್ಮದ ಉದಯ, ಅನುಭವಿಸಿಯೇ ತೀರಬೇಕು. ವ್ರತ ಹಿಡಿಸಿ, ಉಪವಾಸ ಮಾಡಿಸಿ.’ ಕರ್ಮವೆಂದರೆ ಉದಯವೊಂದೇ ಎಂದು ತಿಳಿದವರು ಗೊಮ್ಮಟಸಾರವನ್ನು ತೆರೆಯಲಿ. ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ, ಕೇಶವವರ್ಣಿ 1359ರಲ್ಲಿ ಕನ್ನಡದಲ್ಲಿ ವ್ಯಾಖ್ಯಾನಿಸಿದ ಗ್ರಂಥ ಅದು. ಅದರ ಕರ್ಮಕಾಂಡದಲ್ಲಿ ಹತ್ತು ಕರಣಗಳಿವೆ. ಉದಯ ಅವುಗಳಲ್ಲಿ ಒಂದು ಮಾತ್ರ. ಕರ್ಮದ ಶಕ್ತಿಯನ್ನು ಕುಗ್ಗಿಸುವ ಅಪಕರ್ಷಣ, ಒಂದು ಪ್ರಕೃತಿಯನ್ನು ಇನ್ನೊಂದಾಗಿ ಮಾರ್ಪಡಿಸುವ ಸಂಕ್ರಮಣ, ಅಡಗಿಸುವ ಉಪಶಮ ಇವೆಲ್ಲವೂ ಅಲ್ಲಿವೆ. ಕರ್ಮಸಿದ್ಧಾಂತ ಪುರುಷಾರ್ಥದ ಶಾಸ್ತ್ರ. ಅದನ್ನು ಹಣೆಬರಹದ ಮಟ್ಟಕ್ಕೆ ಇಳಿಸುವುದು ಅಜ್ಞಾನ. ಕ್ಷಯರೋಗಿಯ ಮಗನನ್ನು ಯಾರೂ ‘ಅಸಾತಾವೇದನೀಯದ ಉದಯ’ ಎಂದು ಮನೆಯಲ್ಲಿ ಕೂರಿಸುವುದಿಲ್ಲ, ಬೌರಿಂಗ್ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಮನೋರೋಗಕ್ಕೆ ಮಾತ್ರ ಸಿದ್ಧಾಂತ ಏಕೆ ನೆನಪಾಗುತ್ತದೆ?

ಸಮಂತಭದ್ರಾಚಾರ್ಯರ ಜೀವನದ ಪ್ರಸಿದ್ಧ ಐತಿಹ್ಯವನ್ನು ಇಲ್ಲಿ ಸ್ಮರಿಸಬೇಕು. ಭಸ್ಮಕವ್ಯಾಧಿಯಿಂದ ಪೀಡಿತರಾದ ಅವರು ಸಮಾಧಿಮರಣಕ್ಕೆ ಅನುಮತಿ ಬೇಡಿದಾಗ ಗುರುಗಳು ನಿರಾಕರಿಸಿದರು. ದೀಕ್ಷೆಯನ್ನು ತಾತ್ಕಾಲಿಕವಾಗಿ ತೊರೆದಾದರೂ ವ್ಯಾಧಿಯನ್ನು ಶಮನಮಾಡಿಕೊಂಡು ಬಾ ಎಂದು ಕಳುಹಿದರು. ಮುನಿದೀಕ್ಷೆಯನ್ನೇ ಬದಿಗಿಡುವಷ್ಟು ಮಹತ್ತ್ವ ಚಿಕಿತ್ಸೆಗೆ ಇದ್ದಿತು. ವ್ಯಾಧಿ ಗುಣವಾದ ಮೇಲೆ ಅವರು ಮತ್ತೆ ದೀಕ್ಷೆ ಪಡೆದರು.

ಉಪವಾಸದ ವಿಚಾರದಲ್ಲಿ ಇನ್ನಷ್ಟು ಸ್ಪಷ್ಟವಾಗಿ ಮಾತನಾಡಬೇಕು. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯ ಸಲ್ಲೇಖನವನ್ನು ಆತ್ಮಹತ್ಯೆಗೆ ಸಮೀಕರಿಸಿದಾಗ ನಾವೆಲ್ಲರೂ ಬೀದಿಗಿಳಿದೆವು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು. ಅಂದು ನಮ್ಮ ವಾದವೇನಾಗಿತ್ತು? ಸಲ್ಲೇಖನದಲ್ಲಿ ಕಷಾಯವಿಲ್ಲ, ಆತುರವಿಲ್ಲ, ಸಾಯುವ ಆಸೆಯೂ ಇಲ್ಲ. ಮರಣಾಶಂಸೆ ಅದರ ಅತಿಚಾರಗಳಲ್ಲಿ ಒಂದು ಎಂದಲ್ಲವೇ? ಆ ವಾದ ಸತ್ಯ. ಆದರೆ ಅದೇ ವಾದ ನಮ್ಮನ್ನೂ ಕಟ್ಟುತ್ತದೆ. ತನ್ನನ್ನು ತಾನು ದ್ವೇಷಿಸಿಕೊಂಡು, ಬದುಕು ಬೇಡವೆನಿಸಿ ಅನ್ನ ಬಿಟ್ಟ ಹತ್ತೊಂಬತ್ತರ ಹುಡುಗಿಯ ಉಪವಾಸ ತಪಸ್ಸಲ್ಲ, ಆರ್ತಧ್ಯಾನ. ಅದನ್ನು ಕಂಡು ‘ಎಂತಹ ತಪಸ್ವಿನಿ’ ಎಂದು ಶಾಲು ಹೊದಿಸುವ ಟ್ರಸ್ಟು ಅವಳ ವ್ಯಾಧಿಗೆ ಹಾರ ಹಾಕುತ್ತದೆ. ಎಂಟು ದಿನಗಳ ಉಪವಾಸಕ್ಕೆ ಕೂರುವ ಮೊದಲು ‘ನಿನ್ನ ಮನಸ್ಸು ಹೇಗಿದೆ ಮಗಳೇ?’ ಎಂದು ಕೇಳುವ ಒಬ್ಬ ಹಿರಿಯ ಶ್ರಾವಿಕೆ ಪ್ರತಿ ಬಸದಿಯಲ್ಲಿ, ಪ್ರತಿ ಸ್ಥಾನಕದಲ್ಲಿ ಇರಬೇಡವೇ?

‘ನೀನು ಶುದ್ಧಾತ್ಮ’ ಎಂಬ ಪೂರ್ವಪಕ್ಷ

ಮೂರನೆಯ ಪೂರ್ವಪಕ್ಷ ಪ್ರವಚನ ಕೇಳಿ ಬಂದವರದು: ‘ನೀನು ಶುದ್ಧ, ಬುದ್ಧ, ಇದೆಲ್ಲ ಪುದ್ಗಲದ ಆಟ, ಮನಸ್ಸಿಗೆ ಹಚ್ಚಿಕೊಳ್ಳಬೇಡ.’ ನಿಶ್ಚಯನಯದಿಂದ ಮಾತು ಸತ್ಯ. ಆದರೆ ಒಳಗೆ ಶೂನ್ಯವೆಂದು ನರಳುವವಳಿಗೆ ‘ನಿನ್ನ ದುಃಖ ನಿನ್ನದಲ್ಲ’ ಎಂದರೆ ಅವಳಿಗೆ ಕೇಳಿಸುವುದು ‘ನಿನ್ನ ದುಃಖ ಸುಳ್ಳು’ ಎಂದೇ. ಕೇಳುವವನ ಭಾಷೆಯಲ್ಲಿ ಹೇಳದೆ ಪರಮಾರ್ಥ ತಲುಪದೆಂಬ ಎಚ್ಚರಿಕೆ ಕುಂದಕುಂದಾಚಾರ್ಯರ ಸಮಯಸಾರದ ಆರಂಭದಲ್ಲೇ ಇದೆ. ವ್ಯವಹಾರನಯವನ್ನು ಬಿಟ್ಟ ನಿಶ್ಚಯ ಏಕಾಂತ, ಏಕಾಂತ ಮಿಥ್ಯಾತ್ವ. ಭೇದವಿಜ್ಞಾನ ಸಾಧಕನು ತನ್ನ ಮೇಲೆ ತಾನು ಮಾಡಿಕೊಳ್ಳುವ ಅಭ್ಯಾಸ. ಅದನ್ನು ಇನ್ನೊಬ್ಬರ ಕಣ್ಣೀರಿನ ಮೇಲೆ ಎಸೆಯಲಾಗದು.

ಇದರ ವಿರುದ್ಧದ ತುದಿಯಲ್ಲಿ ಹೊಸದೊಂದು ಏಕಾಂತವೂ ಬೆಳೆಯುತ್ತಿದೆ. ಮೊಬೈಲಿನಲ್ಲಿ ನಾಲ್ಕು ನಿಮಿಷದ ಚಿತ್ರ ನೋಡಿ ‘ನಾನು ಬಾರ್ಡರ್‌ಲೈನ್, ನಾನು ಇರುವುದೇ ಹೀಗೆ’ ಎಂದು ರೋಗದ ಹೆಸರನ್ನೇ ಕುಲನಾಮದಂತೆ ಧರಿಸುವ ಯುವಕರಿದ್ದಾರೆ. ಅವರನ್ನು ಹಂಗಿಸುವುದು ಸಲ್ಲದು. ಹೆಸರಿಲ್ಲದ ನೋವಿಗೆ ಒಂದು ಹೆಸರು ಸಿಕ್ಕಾಗ ಆಗುವ ನೆಮ್ಮದಿ ದೊಡ್ಡದು. ಆದರೆ ಸಮಾಧಾನದಿಂದ ತಿಳಿಹೇಳಬೇಕಾದುದೂ ಇದೆ. ರೋಗದ ಹೆಸರು ವೈದ್ಯನ ಚೀಟಿಯಲ್ಲಿರಲಿ, ‘ನಾನು ಯಾರು’ ಎಂಬ ಪ್ರಶ್ನೆಯ ಉತ್ತರದಲ್ಲಿ ಬೇಡ. ದೇಹಾದಿಗಳನ್ನೇ ತಾನೆಂದು ಬಗೆದವನು ಬಹಿರಾತ್ಮನೆಂದು ಪೂಜ್ಯಪಾದರು ಸಮಾಧಿತಂತ್ರದಲ್ಲಿ ವಿವರಿಸಿದ್ದಾರೆ. ವ್ಯಾಧಿಯನ್ನೇ ತಾನೆಂದು ಬಗೆಯುವುದೂ ಅದೇ ಭ್ರಮೆಯ ಹೊಸ ರೂಪ. ಮನೆಯವರು ಹೇಳುವ ‘ನೀನೇ ದೋಷ’ ಮತ್ತು ರೋಗಿ ಹೇಳುವ ‘ನಾನೇ ರೋಗ’ ಒಂದೇ ನಾಣ್ಯದ ಎರಡು ಮುಖಗಳು. ಈ ವ್ಯಾಧಿಗೆಂದೇ ಮಾತಿನ ಚಿಕಿತ್ಸೆಯೊಂದನ್ನು ರೂಪಿಸಿ 1993ರಲ್ಲಿ ಗ್ರಂಥವಾಗಿ ಪ್ರಕಟಿಸಿದ ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್, ತಾವೇ ಹರೆಯದಲ್ಲಿ ಇಂತಹ ನೋವಿನಿಂದ ಆಸ್ಪತ್ರೆ ಸೇರಿದ್ದನ್ನು 2011ರಲ್ಲಿ ಬಹಿರಂಗಪಡಿಸಿದರು. ಅವರು ರೋಗದ ಹೆಸರಿನಲ್ಲಿ ನಿಂತಿದ್ದರೆ ಅನೇಕರಿಗೆ ವೈದ್ಯರಾಗುತ್ತಿರಲಿಲ್ಲ.

ಹೊಣೆಗಾರಿಕೆಯ ಪ್ರಶ್ನೆ

‘ಎಲ್ಲವೂ ರೋಗವೆಂದರೆ ಹೊಣೆ ಯಾರದು? ಮನೆಯವರು ಬೈಗುಳ ತಿನ್ನುತ್ತಲೇ ಇರಬೇಕೆ?’ ಇದು ನ್ಯಾಯವಾದ ಪ್ರಶ್ನೆ. ಇಂತಹ ಸಂಸಾರಗಳಲ್ಲಿ ತಂದೆತಾಯಿ, ಗಂಡ, ಹೆಂಡತಿ, ಮಕ್ಕಳು ಪಡುವ ಆಯಾಸ ಸಣ್ಣದಲ್ಲ. ಕೆನಡಾದ ದಾರ್ಶನಿಕ ಲೂಯಿ ಚಾರ್ಲಂಡ್ 2004ರಲ್ಲಿ, ಕೆಲವು ವ್ಯಕ್ತಿತ್ವದೋಷಗಳು ಮೂಲತಃ ನೈತಿಕ ಸ್ಥಿತಿಗಳೇ ಹೊರತು ವೈದ್ಯಕೀಯವಲ್ಲವೆಂದು ವಾದಿಸಿದರು. ನಮ್ಮ ಹಿರಿಯರಿಗೆ ಈ ವಾದ ಹಿಡಿಸೀತು. ಆದರೆ ಅದರಿಂದ ‘ಬೈದು ಸರಿಪಡಿಸಿ’ ಎಂಬ ತೀರ್ಮಾನ ಹುಟ್ಟುವುದಿಲ್ಲ. ಇಂತಹ ರೋಗಿಗಳ ನಡುವೆ ಇಂಗ್ಲೆಂಡಿನಲ್ಲಿ ಕೆಲಸ ಮಾಡಿದ ದಾರ್ಶನಿಕೆ ಹನ್ನಾ ಪಿಕರ್ಡ್ ತೋರಿಸಿದ ದಾರಿ ಬೇರೆ: ಹೊಣೆಯನ್ನು ಒಪ್ಪಿಸಬೇಕು, ನಿಂದೆಯನ್ನು ಬಿಡಬೇಕು.

ಜೈನರಿಗೆ ಇದು ಹೊಸ ಪಾಠವಲ್ಲ. ಆಲೋಚನೆ, ಪ್ರತಿಕ್ರಮಣ, ಪ್ರಾಯಶ್ಚಿತ್ತಗಳ ಕ್ರಮವೇ ಅದು. ಶಿಷ್ಯನು ತಪ್ಪನ್ನು ತಾನೇ ಹೇಳುತ್ತಾನೆ. ಗುರುವು ಹೇಸದೆ ಕೇಳಿ, ಶಕ್ತಿಯನ್ನು ಅರಿತು, ತಕ್ಕ ಪ್ರಾಯಶ್ಚಿತ್ತ ಕೊಡುತ್ತಾನೆ. ಕೇಳಿದ್ದನ್ನು ಹೊರಗೆ ಸೋರಗೊಡದವನೇ ಆಚಾರ್ಯನೆಂದು ಭಗವತೀ ಆರಾಧನೆ ‘ಅಪರಿಸ್ರಾವಿ’ ಎಂಬ ಗುಣವನ್ನು ಹೇಳಿದೆ. ಮದುವೆಯ ಮಾತುಕತೆಯಲ್ಲಿ ‘ಆ ಮನೆಯ ಹುಡುಗಿಗೆ ಏನೋ ಇದೆಯಂತೆ’ ಎಂದು ಬೀದಿಗೆ ಸುದ್ದಿ ಸೋರಿಸುವ ನಾವು ಆ ಮಾತನ್ನು ಕೇಳಿಸಿಕೊಳ್ಳಬೇಕು. ಮನೆಯವರ ಸಹನೆ ಮುಗಿದಾಗ ದೂರ ನಿಲ್ಲುವುದೂ ತಪ್ಪಲ್ಲ. ಮೈತ್ರಿ, ಪ್ರಮೋದ, ಕಾರುಣ್ಯಗಳ ಜೊತೆಗೆ ಮಾಧ್ಯಸ್ಥ್ಯವನ್ನೂ ಹೇಳಿದ್ದು ಅದಕ್ಕೇ. ಆದರೆ ಮಾಧ್ಯಸ್ಥ್ಯ ದ್ವೇಷವಲ್ಲ.

ಟ್ರಸ್ಟುಗಳ ಕರ್ತವ್ಯ

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಾಲ್ಕು ಇಲ್ಲಿ ನೇರವಾಗಿ ಅನ್ವಯಿಸುತ್ತವೆ. ರೋಗಿಯನ್ನು ಕಂಡು ಹೇಸದ ನಿರ್ವಿಚಿಕಿತ್ಸೆ, ಪರರ ದೋಷವನ್ನು ಮುಚ್ಚುವ ಉಪಗೂಹನ, ಜಾರಿದವರನ್ನು ಮರಳಿ ನಿಲ್ಲಿಸುವ ಸ್ಥಿತಿಕರಣ, ಕರುವಿನ ಮೇಲೆ ಹಸುವಿಗಿರುವಂತಹ ವಾತ್ಸಲ್ಯ. ಗೋಡೆಗಳ ಮೇಲೆ ಈ ಎಂಟನ್ನೂ ಬರೆಸಿದ್ದೇವೆ. ಅಮೃತಶಿಲೆಗೆ ಹಣ ಹೊಂದಿಸುತ್ತೇವೆ, ಪಾಂಜರಾಪೋಳದ ಮುದಿ ಹಸುವಿಗೆ ಮೇವು ಕಳುಹಿಸುತ್ತೇವೆ, ಒಳ್ಳೆಯದೇ. ಆದರೆ ನಮ್ಮ ಔಷಧದಾನದ ಪಟ್ಟಿಯಲ್ಲಿ ಕಣ್ಣಿನ ಶಿಬಿರವಿದೆ, ರಕ್ತದಾನವಿದೆ, ಮನಸ್ಸಿಗೆ ಸ್ಥಳವಿಲ್ಲ. ಶಿವಾಜಿನಗರದಿಂದ ದೂರವಲ್ಲದ ಪಾಟರಿ ರಸ್ತೆಯಲ್ಲಿ, 1964ರಲ್ಲಿ ಆರಂಭವಾದ ಮೆಡಿಕೋ ಪಾಸ್ಟರಲ್ ಅಸೋಸಿಯೇಷನ್ ಮನೋರೋಗಿಗಳ ಪುನರ್ವಸತಿಯ ಕೆಲಸವನ್ನು ಮಾಡುತ್ತ ಬಂದಿದೆ. ನಮ್ಮ ನೆರೆಯಲ್ಲೇ ಇತರರು ಆರಂಭಿಸಿದ ಈ ಕೆಲಸವನ್ನು ಅಹಿಂಸೆಯನ್ನು ಪರಮಧರ್ಮವೆನ್ನುವ ನಾವು ಆರಂಭಿಸಲಿಲ್ಲವೇಕೆ?

ಆದ್ದರಿಂದ ನಾಲ್ಕು ಸಲಹೆಗಳು. ಒಂದು, ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416ನ್ನು ಪ್ರತಿ ಬಸದಿ, ಸ್ಥಾನಕ, ಭೋಜನಶಾಲೆಗಳ ಫಲಕದಲ್ಲಿ ಬರೆಸಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಉಚಿತ ಸೇವೆಗೆ ನಮ್ಮ ನಿಮ್ಹಾನ್ಸ್ ಸಂಸ್ಥೆಯೇ ರಾಷ್ಟ್ರಮಟ್ಟದ ಕೇಂದ್ರ. ಎರಡು, ದೀರ್ಘ ಉಪವಾಸಕ್ಕೆ ಕೂರುವ ಕಿರಿಯರೊಡನೆ ಹಿರಿಯರು ಏಕಾಂತದಲ್ಲಿ ಮಾತನಾಡಬೇಕು. ಚಿಕಿತ್ಸೆಯಲ್ಲಿರುವವರು ವೈದ್ಯರ ಒಪ್ಪಿಗೆ ಪಡೆಯಬೇಕು. ಮೂರು, ಔಷಧದಾನದ ನಿಧಿಯಿಂದ ಮಾತಿನ ಚಿಕಿತ್ಸೆಯ ವೆಚ್ಚಕ್ಕೂ ಸಹಾಯ ಸಿಗಬೇಕು. ಈ ವ್ಯಾಧಿಯಲ್ಲಿ ಮಾತ್ರೆಗಿಂತ ಅದೇ ಮುಖ್ಯ, ಅದು ತಿಂಗಳುಗಟ್ಟಲೆ ನಡೆಯಬೇಕಾದುದು. ನಾಲ್ಕು, ವಧೂವರರ ಸಮಾವೇಶಗಳಲ್ಲಿ ಚಿಕಿತ್ಸೆ ಪಡೆದುದನ್ನು ಕಳಂಕವೆಂದು ಪಿಸುಗುಟ್ಟುವುದು ನಿಲ್ಲಬೇಕು. ‘ಮದುವೆಯಾದರೆ ಸರಿಹೋಗುತ್ತದೆ’ ಎಂದು ವ್ಯಾಧಿಯನ್ನು ಮುಚ್ಚಿ ಮದುವೆ ಮಾಡುವುದೂ ನಿಲ್ಲಬೇಕು. ಎರಡನೆಯದು ಉಪಗೂಹನವಲ್ಲ, ಎರಡು ಜೀವಗಳಿಗೆ ಮಾಡುವ ಮೋಸ.

ದೇಶದ ಕಾನೂನು ಈ ವಿಚಾರದಲ್ಲಿ ನಮಗಿಂತ ಮುಂದಿದೆ. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೆಯ ಪ್ರಕರಣದಂತೆ, ಸಮುದಾಯದ ನೈತಿಕ ಮೌಲ್ಯಗಳಿಗೋ ಧಾರ್ಮಿಕ ನಂಬಿಕೆಗಳಿಗೋ ಹೊಂದಿಕೊಳ್ಳದ ಮಾತ್ರಕ್ಕೆ ಯಾರನ್ನೂ ಮನೋರೋಗಿಯೆಂದು ನಿರ್ಧರಿಸುವಂತಿಲ್ಲ. 115ನೆಯ ಪ್ರಕರಣ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡಕ್ಕೆ ಸಿಲುಕಿದವರೆಂದು ಭಾವಿಸಿ, ಅವರ ಆರೈಕೆಯನ್ನು ಸರ್ಕಾರದ ಕರ್ತವ್ಯವಾಗಿಸಿದೆ. ಮಾತು ಕೇಳದ ಮಗಳೆಲ್ಲ ರೋಗಿಯಲ್ಲ. ರೋಗಿಯಾದ ಮಗಳು ಅಪರಾಧಿಯಲ್ಲ.

ವ್ಯಕ್ತಿ ಎಂಬ ಶಬ್ದಕ್ಕೆ ವ್ಯಕ್ತವಾದುದು ಎಂದರ್ಥ. ಇಂದು ವ್ಯಕ್ತವಾಗಿರುವುದು ಸಿಟ್ಟಿರಬಹುದು, ಭಯವಿರಬಹುದು, ಬರಿದಾದ ಕಣ್ಣುಗಳಿರಬಹುದು. ಅನಂತಜ್ಞಾನ, ಅನಂತದರ್ಶನ, ಅನಂತಸುಖ, ಅನಂತವೀರ್ಯಗಳು ಇನ್ನೂ ವ್ಯಕ್ತವಾಗದೆ ಆ ಜೀವದಲ್ಲಿಯೂ ಇವೆ ಎಂದು ನಂಬುವವನೇ ಜೈನ. ಆ ನಂಬಿಕೆ ನಿಜವಾದರೆ, ಮುಂದಿನ ಬಾರಿ ಮನೆಯಲ್ಲಿ ಬಾಗಿಲು ಧಡಾರನೆ ಮುಚ್ಚಿಕೊಂಡಾಗ ಅದರ ಹೊರಗೆ ನಿಂತು ತೀರ್ಪು ಹೇಳದೆ, ಮೆಲ್ಲಗೆ ತಟ್ಟಿ, ಒಳಗಿರುವವರನ್ನು ಅವರ ಹೆಸರು ಹಿಡಿದು ಕರೆಯೋಣ.